ಎರಡು ನಾಡು, ಒಂದು ಪಾಸ್‌ಪೋರ್ಟ್

ಮಾಧವರಂ ಸುತ್ತಮುತ್ತ ಮನೆ ಮಾಡಿಕೊಂಡಿರುವ ನಮ್ಮಂಥ ಐಟಿ ಕನ್ನಡಿಗರು ನಾಲ್ಕು ಜನ ಸೇರಿದರೆ ಅಮೆರಿಕದ ಮಾತು ಬಂದೇ ಬರುತ್ತದೆ. ಅಕ್ಕನ ಮಗನಿಗೆ ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷವಾಯಿತು, ಇನ್ನು ಅಲ್ಲಿಯ ಪೌರತ್ವ ತಗೊಳ್ಳಬೇಕೋ ಬೇಡವೋ? ತಗೊಂಡರೆ ಊರಿನ ಎರಡು ಎಕರೆ ಏನಾಗುತ್ತದೆ? ಅಮೆರಿಕದವರೇ ಬೇಡ ಅನ್ನದಿರುವಾಗ ನಮ್ಮವರು ಯಾಕೆ ಎರಡೂ ಇಟ್ಟುಕೊಳ್ಳಲು ಬಿಡುವುದಿಲ್ಲ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಉತ್ತರದ ಅರ್ಧ ಭಾಗ ನಾವು ದಿನಾ ಓಡಾಡುವ ಜಿ.ಎನ್.ಟಿ. ರಸ್ತೆಯ ಆಸುಪಾಸಿನಲ್ಲೇ ಇದೆ. ಮಾಧವರಂನಿಂದ ದಕ್ಷಿಣಕ್ಕೆ ಹೋದರೆ ವ್ಯಾಸರ್ಪಾಡಿ, ಅಲ್ಲಿ ಬರ್ಮಾದಿಂದ ವಾಪಸಾದವರಿಗೆ ಸರ್ಕಾರ ಜಾಗ ಕೊಟ್ಟ ಕಾಲೊನಿಗಳು. ಉತ್ತರಕ್ಕೆ ಹೋದರೆ ಪುಳಲ್, ಅಲ್ಲಿಯ ಕಾವಾಂಗರೈಯಲ್ಲಿ ಲಂಕಾ ತಮಿಳರ ಶಿಬಿರ. ಎರಡು ದೇಶಗಳಿಗೆ ಸೇರಿದವರ ಕಥೆಯನ್ನು ಇವರಿಂದಲೇ ಶುರುಮಾಡಬೇಕು.

ಮೊದಲು ಕಾನೂನು. ಸಂವಿಧಾನ ರಚನಾ ಸಭೆ ಪೌರತ್ವದ ವಿಧಿಗಳನ್ನು ಚರ್ಚಿಸಿದ್ದು 1949ರ ಆಗಸ್ಟ್‌ನಲ್ಲಿ. ಇನ್ನೊಂದೇ ಒಂದು ವಿಧಿಯನ್ನು ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ವಿಧಿ ಬೇರಿಲ್ಲ ಎಂದು ಅಂಬೇಡ್ಕರ್ ಅಲ್ಲಿ ಹೇಳಿಕೊಂಡರು. ದೇಶ ಒಡೆದು ಎರಡು ವರ್ಷವಾಗಿತ್ತಷ್ಟೆ. ಯಾರು ಇಲ್ಲಿಯವರು, ಯಾರು ಅಲ್ಲಿಯವರು ಎಂಬುದೇ ಆಗಿನ ಚಿಂತೆ. ಕೊನೆಗೆ ಬಂದ ವಿಧಿಗಳಲ್ಲಿ ಅಕ್ಕಪಕ್ಕದ ಎರಡನ್ನು ನೋಡಿ. ಎಂಟನೆಯದು ಬಾಗಿಲು ತೆರೆಯುತ್ತದೆ: ಹೊರದೇಶದಲ್ಲಿ ನೆಲೆಸಿದವರು, ತಾವಾಗಲಿ ತಂದೆತಾಯಿಯಾಗಲಿ ಅಜ್ಜ ಅಜ್ಜಿಯಾಗಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ್ದರೆ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ ಭಾರತದ ಪ್ರಜೆಯಾಗಬಹುದು. ಒಂಬತ್ತನೆಯದು ಚಿಲಕ ಹಾಕುತ್ತದೆ: ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪ್ರಜೆಯಲ್ಲ. 1955ರ ಪೌರತ್ವ ಕಾಯಿದೆಯ 9ನೇ ಸೆಕ್ಷನ್ ಇದನ್ನೇ ಮುಂದುವರಿಸಿತು. ಬೇರೆ ದೇಶದ ಪಾಸ್‌ಪೋರ್ಟ್ ಪಡೆದದ್ದೇ ಪೌರತ್ವ ಬದಲಿಸಿದ್ದಕ್ಕೆ ಅಂತಿಮ ಸಾಕ್ಷಿ ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಎತ್ತಿಹಿಡಿಯಿತು.

ಈ ಚಿಲಕದ ಹಿಂದೆ ಒಂದು ನೀತಿಯಿತ್ತು. ನೀವು ನೆಲೆಸಿದ ನಾಡಿಗೇ ನಿಷ್ಠರಾಗಿರಿ, ಅಲ್ಲಿಯ ಪೌರತ್ವವನ್ನೇ ಪಡೆಯಿರಿ ಎಂಬುದು ಹೊರದೇಶದ ಭಾರತೀಯರಿಗೆ ನೆಹರೂ ಕೊಡುತ್ತಿದ್ದ ಬುದ್ಧಿಮಾತು. ಎರಡು ಪೌರತ್ವ ಕೊಟ್ಟರೆ, ಹೊಸದಾಗಿ ಸ್ವತಂತ್ರವಾದ ನೆರೆಯ ದೇಶಗಳು ತಮ್ಮಲ್ಲಿರುವ ಭಾರತೀಯ ಮೂಲದವರನ್ನೆಲ್ಲ ಅನುಮಾನದಿಂದ ನೋಡುತ್ತವೆ ಎಂಬ ಎಚ್ಚರ ಅದರಲ್ಲಿತ್ತು. ಕೇಳುವುದಕ್ಕೆ ಸರಿಯಾದ ಮಾತು. ಆದರೆ ನೆಲೆಸಿದ ನಾಡು ನಿಮ್ಮನ್ನು ತನ್ನವರೆಂದು ಒಪ್ಪದಿದ್ದರೆ?

ಬರ್ಮಾ 1937ರವರೆಗೆ ಬ್ರಿಟಿಷ್ ಭಾರತದ ಒಂದು ಪ್ರಾಂತ್ಯ. ಮದ್ರಾಸಿನಿಂದ ರಂಗೂನಿಗೆ ಹೋಗುವುದೆಂದರೆ ಹಡಗು ಹತ್ತುವುದು, ಅಷ್ಟೆ. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಅಲ್ಲಿಯ ಭಾರತೀಯರು ಪೌರತ್ವಕ್ಕೆ ಅರ್ಜಿ ಹಾಕಬಹುದಿತ್ತು. ಹಾಕಿದವರು ಕೆಲವರು, ಸಿಕ್ಕಿದ್ದು ಇನ್ನೂ ಕೆಲವರಿಗೆ. 1962ರಲ್ಲಿ ನೆ ವಿನ್ ಸೇನಾಡಳಿತ ಬಂತು. 1964ರಲ್ಲಿ ಅಂಗಡಿ ಮುಂಗಟ್ಟುಗಳ ರಾಷ್ಟ್ರೀಕರಣವಾಯಿತು, ದೊಡ್ಡ ನೋಟುಗಳು ರದ್ದಾದವು. ದುಡಿದದ್ದನ್ನೆಲ್ಲ ಬಿಟ್ಟು ಸಾವಿರಾರು ಕುಟುಂಬಗಳು ಮದ್ರಾಸು ಬಂದರಿಗೆ ಬಂದಿಳಿದವು. ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರ್, ನಾವು ಈಗ ರುಚಿ ನೋಡಲು ಹೋಗುವ ಅತ್ತೋ ಗಾಡಿಗಳು ಅವರು ಬದುಕು ಮತ್ತೆ ಕಟ್ಟಿಕೊಂಡ ಗುರುತುಗಳು.

ಸಿಲೋನಿನದು ಇನ್ನೂ ಗೋಜಲು. ಬ್ರಿಟಿಷರು ಕಾಫಿ, ಚಹಾ ತೋಟಗಳಿಗೆಂದು ತಮಿಳು ಕೂಲಿಗಳನ್ನು ಅಲ್ಲಿಗೆ ಸಾಗಿಸಿ ನೂರು ವರ್ಷವೇ ಆಗಿತ್ತು. ಸ್ವತಂತ್ರ ಸಿಲೋನಿನ 1948ರ ಪೌರತ್ವ ಕಾಯಿದೆ ಅವರನ್ನು ಹೊರಗಿಟ್ಟಿತು, ಮರುವರ್ಷ ಮತದ ಹಕ್ಕೂ ಹೋಯಿತು. ನೋಂದಣಿಗೆಂದು ತಂದ ಮತ್ತೊಂದು ಕಾಯಿದೆಯ ಅಡಿ ಎಂಟು ಲಕ್ಷಕ್ಕೂ ಹೆಚ್ಚು ಜನರ ಪರವಾಗಿ ಅರ್ಜಿ ಹೋಯಿತು. ಪೌರತ್ವ ಸಿಕ್ಕಿದ್ದು ಸುಮಾರು 1.34 ಲಕ್ಷ ಮಂದಿಗೆ. ಉಳಿದವರು ಭಾರತೀಯರು ಎಂದಿತು ಸಿಲೋನ್. ಅಲ್ಲ, ನಿಮ್ಮವರು ಎಂದಿತು ಭಾರತ. ಎರಡು ನಾಡಿಗೆ ಸೇರಿದವರು ಯಾವ ನಾಡಿಗೂ ಸೇರದವರಾದರು.

1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಲೆಕ್ಕ ಹಾಕಿ ಹಂಚಿಕೊಂಡರು: ಒಟ್ಟು 9.75 ಲಕ್ಷದಲ್ಲಿ ಭಾರತಕ್ಕೆ 5.25 ಲಕ್ಷ, ಸಿಲೋನಿಗೆ 3 ಲಕ್ಷ. ಉಳಿದ 1.5 ಲಕ್ಷವನ್ನು 1974ರಲ್ಲಿ ಅರ್ಧರ್ಧ ಮಾಡಿಕೊಂಡರು. ಎಲ್ಲಿಗೆ ಹೋಗುತ್ತೀರಿ ಎಂದು ತೋಟದವರನ್ನು ಮೊದಲು ಯಾರೂ ಕೇಳಿರಲಿಲ್ಲ. ಕೇಳಿದಾಗ ಭಾರತದ ಪಾಲಿನಷ್ಟು ಅರ್ಜಿಗಳೇ ಬರಲಿಲ್ಲ. ಸಿಲೋನಿನ ಪಾಲಿಗಿಂತ ಬಹಳ ಹೆಚ್ಚು ಬಂದವು. ಹಾಗೆ ಬಂದವರಲ್ಲಿ ಒಂದಷ್ಟು ಜನ ನಮ್ಮ ಕರ್ನಾಟಕಕ್ಕೂ ಬಂದರು. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಬೆಳಗಿನ ಜಾವ ಹಾಲು ಇಳಿಸುವವರು ಅವರೇ, ಅವರ ಮಕ್ಕಳೇ. ಅವರಿಗೆ ಭಾರತದ ಪೌರತ್ವವೇನೋ ಇತ್ತು. ಆದರೆ ಜಾತಿ ಪ್ರಮಾಣಪತ್ರ ಕೇಳಿದಾಗ, ನೀವು ಇಲ್ಲಿಯ ಮೂಲದವರಲ್ಲವಲ್ಲ ಎಂಬ ಮಾತು ಎದುರಾಯಿತು.

ಒಪ್ಪಂದದ ಪ್ರಕಾರ ಭಾರತಕ್ಕೆ ಬರಬೇಕಾದವರೆಲ್ಲ ಬಂದು ಮುಗಿಯುವ ಮೊದಲೇ, 1983ರಲ್ಲಿ, ಲಂಕೆ ಹೊತ್ತಿಕೊಂಡಿತು. ತಲೈಮನ್ನಾರ್‌ನಿಂದ ರಾಮೇಶ್ವರಕ್ಕೆ ಬರುತ್ತಿದ್ದ ಹಡಗು ನಿಂತಿತು. ಆಮೇಲೆ ಜನ ದೋಣಿಯಲ್ಲಿ ಬಂದರು. ಜಾಫ್ನಾ ಕಡೆಯವರ ಜೊತೆ ಭಾರತ ಮೂಲದ ತೋಟದವರೂ ಇದ್ದರು. ಜೀವ ಉಳಿಸಿಕೊಳ್ಳಲು ದೋಣಿ ಹತ್ತಿದವರ ಕೈಯಲ್ಲಿ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು?

ಈಗ ನಮ್ಮ ಅಮೆರಿಕದ ಪ್ರಶ್ನೆಗೆ ಬರೋಣ. ವಿದೇಶದಲ್ಲಿ ಹಣ, ಹೆಸರು ಮಾಡಿದ ಭಾರತೀಯರ ಒತ್ತಾಯ ಬಲವಾಗುತ್ತಿದ್ದಂತೆ ಸರ್ಕಾರ ಎಲ್.ಎಂ. ಸಿಂಘ್ವಿ ಸಮಿತಿ ನೇಮಿಸಿತು. 2003ರ ಜನವರಿ 9ರಂದು ಮೊದಲ ಪ್ರವಾಸಿ ಭಾರತೀಯ ದಿವಸದಲ್ಲಿ ಪ್ರಧಾನಿ ವಾಜಪೇಯಿ ಇಬ್ಬಗೆ ಪೌರತ್ವದ ಭರವಸೆ ಕೊಟ್ಟರು. ಅದೇ ವರ್ಷದ ತಿದ್ದುಪಡಿಯಲ್ಲಿ ಅದಕ್ಕೆ ಅರ್ಹವಾದದ್ದು 16 ದೇಶಗಳು: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಸ್ವಿಟ್ಜರ್ಲೆಂಡ್ ಇತ್ಯಾದಿ. ಶ್ರೀಲಂಕಾ, ಬರ್ಮಾ, ಮಲೇಶಿಯಾ, ಫಿಜಿ ಪಟ್ಟಿಯಲ್ಲಿರಲಿಲ್ಲ. 2005ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ ಬಿಟ್ಟು ಉಳಿದ ದೇಶಗಳಿಗೆ ವಿಸ್ತರಿಸಿತು. ಆದರೆ ಕೈಗೆ ಬಂದ ಓಸಿಐ ಕಾರ್ಡ್ ಹೆಸರಿಗೆ ಪೌರತ್ವ, ನಡೆಯಲ್ಲಿ ಆಜೀವ ವೀಸಾ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದ ಎರಡು ಎಕರೆ ಉಳಿಯುತ್ತದೆ. ಸರ್ಕಾರ ಸೂಚನೆ ಹೊರಡಿಸಿ ಕೊಟ್ಟ ಹಕ್ಕನ್ನು ಇನ್ನೊಂದು ಸೂಚನೆಯಿಂದ ಕಡಿಮೆ ಮಾಡಬಹುದು ಎನ್ನುವುದು 2021ರ ಮಾರ್ಚ್‌ನಲ್ಲಿ ಗೊತ್ತಾಯಿತು. ಓಸಿಐ ಮಕ್ಕಳು ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಿಗೆ ಎನ್ಆರ್‌ಐ ಕೋಟಾಕ್ಕೆ ಸೀಮಿತರಾದರು. ಅದಕ್ಕೂ ಮೊದಲು ಹುಟ್ಟಿದ ಮಕ್ಕಳಿಗೆ ಇದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು.

ಇಷ್ಟು ನಮಗೆ ಗೊತ್ತಿರುವ ಕಥೆ. ನಾವು ಓದದೆ ಬಿಡುವುದು ಅದೇ 2003ರ ಕಾಯಿದೆಯ ಇನ್ನೊಂದು ಪುಟ. ಸರಿಯಾದ ಪ್ರಯಾಣ ದಾಖಲೆಯಿಲ್ಲದೆ ಬಂದ ವಿದೇಶಿಯರನ್ನು ಅದು ‘ಅಕ್ರಮ ವಲಸಿಗ’ ಎಂದು ಕರೆದು, ನೋಂದಣಿಯಿಂದಾಗಲಿ ದೀರ್ಘ ವಾಸದಿಂದಾಗಲಿ ಪೌರತ್ವ ಪಡೆಯುವ ದಾರಿ ಮುಚ್ಚಿತು. ಹೀಗೆ ಒಂದೇ ಕಾಯಿದೆ ಕ್ಯಾಲಿಫೋರ್ನಿಯಾದ ನಮ್ಮ ಹುಡುಗನಿಗೆ ಬಾಗಿಲನ್ನು ಅರ್ಧ ತೆರೆದು, ನಮ್ಮ ಪಕ್ಕದ ಪುಳಲ್‌ನವರಿಗೆ ಪೂರ್ತಿ ಮುಚ್ಚಿತು. 2019ರ ತಿದ್ದುಪಡಿಯಲ್ಲೂ ಲಂಕೆಯ ಹೆಸರಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ಶಿಬಿರಗಳಲ್ಲಿರುವ ಭಾರತ ಮೂಲದವರ ಅರ್ಜಿಗಳನ್ನು ಪರಿಗಣಿಸಿ ಎಂದಿತು.

ಲಂಕೆಯನ್ನೂ ನೋಡಿ. ತೋಟದವರಿಗೆ ಒಂದು ಪೌರತ್ವ ಕೊಡಲು ದಶಕಗಳ ಕಾಲ ಮೀನಮೇಷ ಎಣಿಸಿದ ಆ ದೇಶವೇ 1987ರಲ್ಲಿ ಹೊರದೇಶಕ್ಕೆ ಹೋದ ತನ್ನವರಿಗೆ ಎರಡು ಪೌರತ್ವದ ಅವಕಾಶ ಮಾಡಿಕೊಟ್ಟಿತು. ಕೊನೆಗೆ ಉಳಿದ ತೋಟದವರಿಗೆ ಕಾಯಿದೆ ಬಂದದ್ದು 2003ರಲ್ಲಿ. ಎರಡೂ ಕಡೆ ಒಂದೇ ಪಾಠ: ಎರಡನೆಯ ಪೌರತ್ವದ ಮಾತು ಏಳುವುದು ಎರಡೂ ನಾಡಿಗೆ ಬೇಕಾದವರ ವಿಷಯದಲ್ಲಿ ಮಾತ್ರ.

ಹಾಗೆಂದು ಅಕ್ಕನ ಮಗನ ಪ್ರಶ್ನೆ ಸಣ್ಣದಲ್ಲ. ಆತ ತಿಳಿದಿರಬೇಕಾದದ್ದು ಇಷ್ಟು: ಅಲ್ಲಿ ಪ್ರಮಾಣವಚನ ತೆಗೆದುಕೊಂಡು ಪ್ರಜೆಯಾದ ಕ್ಷಣಕ್ಕೇ ಇಲ್ಲಿಯ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸುವುದು ಆಮೇಲಿನ ವಿಧಿ ಮಾತ್ರ. ಇಬ್ಬಗೆ ಪೌರತ್ವ ಬೇಕು ಎಂದು ನಾವು ಕೇಳುವುದಾದರೆ ಕೇಳೋಣ. ಆದರೆ ಆ ಮನವಿಯಲ್ಲಿ ಪುಳಲ್‌ಗೂ ಒಂದು ಸಾಲಿರಲಿ.

ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆಗಳು. 1986ರಲ್ಲಿ ಮಂಡಪಂ ಶಿಬಿರದಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಇದನ್ನೇ ಹಿಡಿದು ಹೈಕೋರ್ಟಿಗೆ ಹೋಗಿ 2022ರಲ್ಲಿ ಪಾಸ್‌ಪೋರ್ಟಿಗೆ ಆದೇಶ ಪಡೆದರು, 2024ರ ಲೋಕಸಭಾ ಚುನಾವಣೆಯಲ್ಲಿ ಮತ ಹಾಕಿದರು. ಅಂಥದ್ದೇ ಶಿಬಿರದಲ್ಲಿ, ಅಂಥದ್ದೇ ತಂದೆತಾಯಿಗೆ 1987ರ ಜುಲೈ 1ರಂದು ಹುಟ್ಟಿದ ಮಗುವಿಗೆ ಆ ಹಕ್ಕಿಲ್ಲ.