ರಸ್ತೆ ಅಗಲ ಆದ್ರೆ ಊರಿಗೆ ಲಾಭವೋ, ಅಂಗಡಿಗೆ ನಷ್ಟವೋ? ಕನಮಡಿ–ತಿಕೋಟಾ ಭಾಗದವರು ತಿಳಿದಿರಬೇಕಾದ ಸಂಗತಿಗಳು

ಕನಮಡಿ (ತಿಕೋಟಾ ತಾ.): ರಸ್ತೆ ಅಗಲೀಕರಣದ ಮಾತು ಬಂದ ಕೂಡಲೇ ಊರು ಎರಡು ಪಾಲಾಗುತ್ತದೆ. ದ್ರಾಕ್ಷಿ, ಕಬ್ಬು ಸಾಗಿಸುವ ರೈತರಿಗೆ ರಸ್ತೆ ದೊಡ್ಡದಾಗಬೇಕು. ರಸ್ತೆ ಬದಿ ಅಂಗಡಿ ಇಟ್ಟವರಿಗೆ "ನಮ್ಮ ಹತ್ತು ಫೂಟು ಹೋದ್ರೆ ಉಳಿಯೋದೇನು?" ಎಂಬ ಚಿಂತೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಲಾಭ, ನಷ್ಟ ಮತ್ತು ಕಾನೂನು ಏನು ಹೇಳುತ್ತದೆ ಎಂಬುದರ ಮಾಹಿತಿ ಇಲ್ಲಿದೆ.

ಅಳತೆಯ ಲೆಕ್ಕ

ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಮಾನದಂಡದ ಪ್ರಕಾರ ಒಂಟಿ ಲೇನ್ ಡಾಂಬರು ರಸ್ತೆಯ ಅಗಲ 3.75 ಮೀಟರ್, ಮಧ್ಯಮ ಲೇನ್ 5.5 ಮೀಟರ್, ದ್ವಿಪಥ 7 ಮೀಟರ್. ಒಂದು ಬಸ್ಸೇ ಸುಮಾರು ಎರಡೂವರೆ ಮೀಟರ್ ಅಗಲ ಇರುತ್ತದೆ. ಹೀಗಾಗಿ ಒಂಟಿ ಲೇನ್‌ನಲ್ಲಿ ಎರಡು ಬಸ್ ಎದುರಾದರೆ ಒಂದು ಮಣ್ಣಿಗೆ ಇಳಿಯಲೇಬೇಕು.

ಆದರೆ ಡಾಂಬರಿನ ಅಗಲ ಬೇರೆ, ಸರ್ಕಾರಿ ರಸ್ತೆ ಜಾಗದ ಅಗಲ ಬೇರೆ. ಬಯಲು ಸೀಮೆಯಲ್ಲಿ ಜಿಲ್ಲಾ ಮುಖ್ಯ ರಸ್ತೆಗೆ ಊರ ಹೊರಗೆ 25 ಮೀಟರ್, ಊರೊಳಗೆ 20 ಮೀಟರ್ ಜಾಗ ಇರಬೇಕು ಎಂಬುದು ಐಆರ್‌ಸಿ ಶಿಫಾರಸು. ರಾಜ್ಯ ಹೆದ್ದಾರಿಗೆ ಇದು 45 ಮತ್ತು 30 ಮೀಟರ್. ಇದು ಶಿಫಾರಸು ಅಷ್ಟೇ. ನಿಮ್ಮೂರಲ್ಲಿ ದಾಖಲೆ ಪ್ರಕಾರ ಎಷ್ಟಿದೆ ಎಂಬುದೇ ಮುಖ್ಯ. ಜಗಳ ಹುಟ್ಟುವುದೂ ಇಲ್ಲಿಯೇ.

ಲಾಭ ಏನು?

- ಸಾಗಣೆ: ತಿಕೋಟಾ ಭಾಗದ ಒಣದ್ರಾಕ್ಷಿ ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೂ ಹೋಗುತ್ತದೆ. ಹಸಿ ದ್ರಾಕ್ಷಿಗೆ ತಗ್ಗು–ದಿನ್ನೆಯ ರಸ್ತೆ ಎಂದರೆ ನೇರ ನಷ್ಟ.
- ಸುರಕ್ಷತೆ: ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬೈಕ್ ಸವಾರರು ಸಿಕ್ಕಿಬೀಳುವುದು ತಪ್ಪುತ್ತದೆ. 2021ರ ಜನವರಿಯಲ್ಲಿ ಧಾರವಾಡ ಬಳಿಯ ಇಟಿಗಟ್ಟಿ ಅಪಘಾತದಲ್ಲಿ ದಾವಣಗೆರೆಯ ಮಹಿಳೆಯರು ಜೀವ ಕಳೆದುಕೊಂಡ ಮೇಲೆಯೇ ಹುಬ್ಬಳ್ಳಿ–ಧಾರವಾಡ ಬೈಪಾಸ್ ಅಗಲೀಕರಣದ ಕೂಗು ಜೋರಾಯಿತು.
- ತುರ್ತು: ವಿಜಯಪುರದ ಆಸ್ಪತ್ರೆಗಳಿಗೆ ಆಂಬುಲೆನ್ಸ್ ಬೇಗ ಮುಟ್ಟುತ್ತದೆ.

ನಷ್ಟ ಏನು?

- ವ್ಯಾಪಾರ: ಕಟ್ಟೆ, ಪತ್ರಾಸ್ ಶೆಡ್ಡು, ಗಿರಾಕಿ ಗಾಡಿ ನಿಲ್ಲಿಸುವ ಜಾಗ ಮೊದಲು ಹೋಗುತ್ತವೆ. ಕಾಮಗಾರಿ ಎಳೆದಷ್ಟೂ ಧೂಳು, ಅಗೆದ ಗುಂಡಿಗಳಿಂದ ಗಿರಾಕಿ ಕಡಿಮೆ. ರಸ್ತೆ ಬದಿಯ ಒಣದ್ರಾಕ್ಷಿ ಶೆಡ್‌ಗೂ ಧೂಳು ಶತ್ರು.
- ವೇಗ: ನುಣುಪಾದ ಅಗಲ ರಸ್ತೆಯಲ್ಲಿ ಗಾಡಿ ಜೋರು ಓಡುತ್ತವೆ. ಶಾಲೆ ಮಕ್ಕಳು, ವಯಸ್ಸಾದವರು ದಾಟುವುದು ಕಷ್ಟ.
- ಮರ: ವಿಜಯಪುರ ಜಿಲ್ಲೆಯ ಅರಣ್ಯ ಪ್ರಮಾಣ ಶೇ 0.17 ಮಾತ್ರ ಇತ್ತು ಎಂಬ ಕಾರಣಕ್ಕೇ ಇಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾಯಿತು. ಇಂಥ ಕಡೆ ರಸ್ತೆ ಬದಿಯ ಒಂದು ಬೇವಿನ ಮರವೂ ಸಣ್ಣದಲ್ಲ.
- ನೀರು: ರಸ್ತೆ ಎತ್ತರವಾಗಿ ಗಟಾರ ಸರಿಯಾಗದಿದ್ರೆ ಮಳೆ ನೀರು ಅಂಗಡಿಗೇ ನುಗ್ಗುತ್ತದೆ. ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್‌ಗಾಗಿ ರಸ್ತೆ ಅಗಲವಾಯಿತು. ಆದರೂ ಧಾರವಾಡದ ಟೋಲ್‌ನಾಕಾದಲ್ಲಿ ಮಳೆ ಬಂದ್ರೆ ನೀರು ನಿಲ್ಲುವುದು ದೊಡ್ಡ ದೂರಾಗಿತ್ತು.

ಏಕಾಏಕಿ ಒಡೆಯಬಹುದೇ?

ಇಲ್ಲ. ಉತ್ತರ ಪ್ರದೇಶದ ಮಹಾರಾಜಗಂಜ್‌ನಲ್ಲಿ 2019ರಲ್ಲಿ ರಸ್ತೆಗಾಗಿ ಮನೆ ಒಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ಮಾಲೀಕರಿಗೆ 25 ಲಕ್ಷ ರೂ. ಪರಿಹಾರಕ್ಕೆ ಆದೇಶಿಸಿತು. ಜೊತೆಗೆ ಎಲ್ಲ ರಾಜ್ಯಗಳಿಗೂ ಕ್ರಮ ಹಾಕಿಕೊಟ್ಟಿತು:

1. ದಾಖಲೆ, ನಕ್ಷೆ ಪ್ರಕಾರ ರಸ್ತೆಯ ಈಗಿನ ಅಗಲ ಗುರುತಿಸಬೇಕು.
2. ಸರ್ವೆ ಮಾಡಿ ಒತ್ತುವರಿ ಇದೆಯೇ ನೋಡಬೇಕು.
3. ಒತ್ತುವರಿ ಇದ್ರೆ ಲಿಖಿತ ನೋಟಿಸ್ ಕೊಡಬೇಕು. ಆಕ್ಷೇಪಣೆ ಬಂದ್ರೆ ಕಾರಣ ಸಹಿತ ಆದೇಶ ಮಾಡಬೇಕು, ತೆರವಿಗೆ ಸಮಯ ಕೊಡಬೇಕು.
4. ಇರುವ ಜಾಗ ಸಾಲದಿದ್ರೆ ಕಾನೂನು ಪ್ರಕಾರ ಭೂಸ್ವಾಧೀನ ಮಾಡಿಯೇ ಮುಂದುವರಿಯಬೇಕು.

ಅಂದರೆ ಸರ್ಕಾರಿ ಜಾಗ ಒತ್ತಿದ್ದರೆ ಪರಿಹಾರದ ನಿರೀಕ್ಷೆ ಬೇಡ, ಆದರೆ ನೋಟಿಸ್ ಪಡೆಯುವ ಹಕ್ಕಿದೆ. ಸ್ವಂತ ಜಾಗ ಹೋದರೆ ಪರಿಹಾರ ಕೊಡಲೇಬೇಕು.

ಪರಿಹಾರದ ಲೆಕ್ಕ

2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಗ್ರಾಮೀಣ ಜಾಗದ ಮಾರುಕಟ್ಟೆ ಮೌಲ್ಯವನ್ನು ನಗರದಿಂದ ಇರುವ ದೂರ ನೋಡಿ 1ರಿಂದ 2ರವರೆಗಿನ ಅಂಶದಿಂದ ಗುಣಿಸುತ್ತಾರೆ. ಅದಕ್ಕೆ ಕಟ್ಟಡ, ಮರಗಳ ಬೆಲೆ ಕೂಡಿಸಿ, ಬಂದ ಮೊತ್ತದಷ್ಟೇ ಸಾಂತ್ವನ ಹಣ (ಶೇ 100) ಸೇರಿಸುತ್ತಾರೆ. ಉದಾಹರಣೆಗೆ ಜಾಗದ ಬೆಲೆ 2 ಲಕ್ಷ, ಅಂಶ 1.5 ಎಂದಿಟ್ಟುಕೊಂಡರೆ 3 ಲಕ್ಷ. ಕಟ್ಟಡ 1 ಲಕ್ಷ ಸೇರಿ 4 ಲಕ್ಷ. ಸಾಂತ್ವನ ಹಣ ಸೇರಿ ಒಟ್ಟು 8 ಲಕ್ಷ ರೂ.

ಅರ್ಧ ಕಟ್ಟಡ ಒಡೆದು ಉಳಿದರ್ಧ ಉಪಯೋಗಕ್ಕೆ ಬಾರದಂತಿದ್ದರೆ ಪೂರ್ತಿ ಕಟ್ಟಡ ತೆಗೆದುಕೊಳ್ಳಿ ಎಂದು ಕೇಳಲು ಕಲಂ 94ರಲ್ಲಿ ಅವಕಾಶವಿದೆ.

ಬಾಡಿಗೆ ಅಂಗಡಿಯವರದು ಮರೆತುಹೋಗುವ ಪಾಲು. ಸ್ವಾಧೀನಕ್ಕೂ ಮೂರು ವರ್ಷ ಮೊದಲಿನಿಂದ ಅಲ್ಲೇ ದುಡಿಯುತ್ತಿದ್ದು, ಮುಖ್ಯ ಆದಾಯಕ್ಕೆ ಪೆಟ್ಟು ಬಿದ್ದರೆ ಅವರೂ "ಬಾಧಿತ ಕುಟುಂಬ". ಇಂಥ ಸಣ್ಣ ವ್ಯಾಪಾರಿಗೆ ಕನಿಷ್ಠ 25,000 ರೂ. ಒಂದು ಬಾರಿಯ ನೆರವಿಗೆ ಕಾಯ್ದೆಯಲ್ಲಿ ಜಾಗವಿದೆ. ಬಾಡಿಗೆ ಕರಾರು, ಲೈಸೆನ್ಸ್, ಕರೆಂಟ್ ಬಿಲ್ ಜೋಪಾನ ಮಾಡಿಟ್ಟುಕೊಳ್ಳುವುದು ಇದಕ್ಕೇ.

ಆಕ್ಷೇಪಣೆಗೆ ಗಡುವು: 2013ರ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಬಂದ 60 ದಿನ, ರಾಷ್ಟ್ರೀಯ ಹೆದ್ದಾರಿಯಾದರೆ ಬರೀ 21 ದಿನ.

ಮರ ಉಳಿಸಲು ದಾರಿ ಇದೆಯೇ?

ಇದೆ. 2020ರಲ್ಲಿ ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಭೋಸೆ ಊರಲ್ಲಿ ರತ್ನಾಗಿರಿ–ನಾಗಪುರ ಹೆದ್ದಾರಿಗೆ ಅಡ್ಡ ಬಂದ ಹಳೆಯ ಆಲದ ಮರಕ್ಕಾಗಿ ರಸ್ತೆಯ ದಿಕ್ಕನ್ನೇ ತುಸು ಬದಲಿಸಲಾಯಿತು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು.

ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

- ರಸ್ತೆ ಮಧ್ಯದಿಂದ ಎರಡೂ ಕಡೆ ಎಷ್ಟೆಷ್ಟು ಮೀಟರ್? ಎರಡೂ ಬದಿಗೆ ಒಂದೇ ಅಳತೆಯೇ?
- ಗಟಾರ, ಫುಟ್‌ಪಾತ್, ಪಾರ್ಕಿಂಗ್ ಅಂದಾಜು ಪಟ್ಟಿಯಲ್ಲಿ ಇದೆಯೇ?
- ಕರೆಂಟ್ ಕಂಬ, ಕುಡಿಯುವ ನೀರಿನ ಪೈಪ್ ಮೊದಲೇ ಸರಿಸುತ್ತಾರೋ, ಡಾಂಬರು ಹಾಕಿ ಮತ್ತೆ ಅಗೆಯುತ್ತಾರೋ?
- ಶಾಲೆ, ಬಸ್ ನಿಲ್ದಾಣ, ಗುಡಿ ಮುಂದೆ ರೋಡ್ ಹಂಪ್ಸ್ ಇರುತ್ತವೆಯೇ?
- ಧೂಳಿಗೆ ದಿನಾ ನೀರು ಹೊಡೆಯುವುದು ಗುತ್ತಿಗೆದಾರರ ಕೆಲಸ ಎಂದು ಬರೆದಿದೆಯೇ?

ಊರೊಳಗೆ ಜಾಗವೇ ಇಲ್ಲದಿದ್ರೆ ಬೈಪಾಸ್ ಇನ್ನೊಂದು ದಾರಿ. ಅಂಗಡಿ ಉಳಿಯುತ್ತವೆ, ಆದರೆ ಹಾದುಹೋಗುವ ಗಿರಾಕಿ ಕಡಿಮೆ ಆಗ್ತಾರೆ, ಹೊಲ ಕಳೆದುಕೊಳ್ಳುವವರು ಬೇರೆ ರೈತರು. ಯಾವುದಾದರೂ ಸರಿ, ಗುರುತಿನ ಕಲ್ಲು ನೆಡುವ ಮೊದಲೇ ಉತಾರ, ಮೋಜಣಿ ನಕ್ಷೆ, ಪಂಚಾಯ್ತಿಯ 9 ಮತ್ತು 11ನೇ ನಮೂನೆ ತೆಗೆಸಿಟ್ಟುಕೊಳ್ಳುವುದು ಒಳಿತು. ಅಳತೆ ಮುಗಿದ ಮೇಲೆ ಕಾಗದ ಹುಡುಕಿದರೆ ಗಡುವು ದಾಟಿರುತ್ತದೆ.