ಓಡಿಸುವ ಮುನ್ನ ಓದಿ: ಹಳೆಯ ಫ್ಯಾನು ಹೇಳುವ ವಿದ್ಯುತ್ತಿನ ಕಥೆ

ಎರಕದ ಕಬ್ಬಿಣದ ಪೀಠ, ಹಿತ್ತಾಳೆಯ ರೆಕ್ಕೆ, ಎತ್ತಲು ಎರಡು ಕೈ ಬೇಕಾಗುವಷ್ಟು ಭಾರ. ಇಂಥ ಮೇಜಿನ ಫ್ಯಾನೊಂದನ್ನು ನೀವು ಹಳೆಯ ಮನೆಯ ಅಟ್ಟದಲ್ಲೋ ಗುಜರಿ ಅಂಗಡಿಯಲ್ಲೋ ಕಂಡಿರಬಹುದು. ರೆಕ್ಕೆಯನ್ನು ಬೆರಳಿನಿಂದ ತಳ್ಳಿದರೆ ಸಲೀಸಾಗಿ ತಿರುಗುತ್ತದೆ. ಆಗ ಯಾರಿಗಾದರೂ ಮೊದಲು ಹೊಳೆಯುವುದು, 'ಪ್ಲಗ್ ಹಾಕಿ ನೋಡೋಣ' ಎಂದು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅದರ ಬೆನ್ನಿಗೆ ಅಂಟಿಸಿದ ಲೋಹದ ಫಲಕವನ್ನು ಒರೆಸಿ ಓದಿ.

ಏಕೆಂದರೆ ಇಂದು ನಮ್ಮ ಮನೆಗಳಿಗೆಲ್ಲ ಒಂದೇ ಬಗೆಯ ವಿದ್ಯುತ್ ಬರುತ್ತದೆ: 230 ವೋಲ್ಟ್, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ ಅಥವಾ ಎಸಿ. ನೂರು ವರ್ಷಗಳ ಹಿಂದೆ ಹೀಗಿರಲಿಲ್ಲ. ಒಂದು ಊರಿನಲ್ಲಿ ನೇರ ವಿದ್ಯುತ್ ಅಂದರೆ ಡಿಸಿ, ಇನ್ನೊಂದರಲ್ಲಿ ಎಸಿ; ಎಸಿಯಲ್ಲೂ ಆವೃತ್ತಿ ಬೇರೆ ಬೇರೆ. ಪ್ರತಿಯೊಂದು ಫ್ಯಾನೂ ತನ್ನ ಊರಿನ ವಿದ್ಯುತ್ತಿಗೆ ತಕ್ಕಂತೆ ಹುಟ್ಟಿದ್ದು. ಹಾಗಾಗಿ ಹಳೆಯ ಫ್ಯಾನನ್ನು ದುರಸ್ತಿ ಮಾಡುವುದೆಂದರೆ ವಿದ್ಯುತ್ತಿನ ಚರಿತ್ರೆಯ ಒಂದು ಪುಟವನ್ನು ಓದಿದಂತೆ. ಪುಟವನ್ನು ತಪ್ಪಾಗಿ ಓದಿದರೆ ಯಂತ್ರವೂ ಹೋದೀತು, ಜೀವಕ್ಕೂ ಅಪಾಯವಾದೀತು.

ಹಾಳೆಯಿಂದ ಮೋಟಾರಿನವರೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸೆಖೆಗಾಲದಲ್ಲಿ ಅಡಿಕೆ ಹಾಳೆಯ ಬೀಸಣಿಗೆ ಇಂದಿಗೂ ಕೈಗೆ ಬರುತ್ತದೆ. ಲಾವಂಚದ ಬೇರಿನಿಂದ ಹೆಣೆದ ಬೀಸಣಿಗೆಯನ್ನೂ ನೀವು ನೋಡಿರಬಹುದು. ಬ್ರಿಟಿಷರ ಕಾಲದ ಕಚೇರಿ, ಬಂಗಲೆಗಳಲ್ಲಿ ಸೂರಿನಿಂದ ಬಟ್ಟೆಯ ದೊಡ್ಡ ಪಂಖ ತೂಗುತ್ತಿತ್ತು. ಹೊರಗೆ ಕುಳಿತ ಆಳು ಗಂಟೆಗಟ್ಟಲೆ ಅದರ ಹಗ್ಗ ಎಳೆಯಬೇಕಾಗಿತ್ತು. ಆ ದುಡಿಮೆಯನ್ನು ಕೊನೆಗಾಣಿಸಿದ್ದು ವಿದ್ಯುತ್ ಮೋಟಾರು.

1880ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಪ್ರಯೋಗಗಳು ನಡೆದವು. ಸ್ಕೈಲರ್ ಸ್ಕಾಟ್ಸ್ ವ್ಹೀಲರ್ ಎಂಬ ತರುಣ ಎಂಜಿನಿಯರ್ ಮೋಟಾರಿನ ದಂಡಕ್ಕೆ ಎರಡು ರೆಕ್ಕೆ ಸಿಕ್ಕಿಸಿ ಮೇಜಿನ ಫ್ಯಾನು ಮಾಡಿದ. ಹೊಲಿಗೆ ಯಂತ್ರಗಳ ಕೆಲಸದಲ್ಲಿದ್ದ ಫಿಲಿಪ್ ಡೀಲ್ ಅಂಥದೇ ಮೋಟಾರಿಗೆ ರೆಕ್ಕೆ ಕಟ್ಟಿ ಸೂರಿಗೆ ತೂಗುಹಾಕಿದ. ಅವು ಡಿಸಿ ಯಂತ್ರಗಳು. ತಿರುಗುವ ಆರ್ಮೇಚರಿಗೆ ಬ್ರಷ್ ಮತ್ತು ಕಮ್ಯುಟೇಟರಿನ ಮೂಲಕ ವಿದ್ಯುತ್ ಹರಿಸಬೇಕಿತ್ತು. 1888ರಲ್ಲಿ ನಿಕೊಲಾ ಟೆಸ್ಲಾ ಪ್ರೇರಣ ಮೋಟಾರಿಗೆ ಪೇಟೆಂಟ್ ಪಡೆದ. ಅದರಲ್ಲಿ ತಿರುಗುವ ಭಾಗಕ್ಕೆ ತಂತಿಯ ಸಂಪರ್ಕವೇ ಬೇಡ. ಬ್ರಷ್ಷೂ ಇಲ್ಲ, ಕಿಡಿಯೂ ಇಲ್ಲ. ಆದರೆ ಅದು ನಡೆಯುವುದು ಎಸಿಯಲ್ಲಿ ಮಾತ್ರ.

ಕಲ್ಕತ್ತೆಯ ಡಿಸಿ, ಶಿವನಸಮುದ್ರದ 25 ಆವರ್ತ

ಭಾರತದಲ್ಲಿ ಈ ಎರಡು ದಾರಿಗಳೂ ಬೇರೆ ಬೇರೆ ಕಡೆ ತೆರೆದುಕೊಂಡವು. ಕಲ್ಕತ್ತೆಗೆ 1899ರಲ್ಲಿ ಬಂದದ್ದು ಡಿಸಿ. ಅಲ್ಲಿ ಹಗ್ಗದ ಪಂಖದ ಜಾಗಕ್ಕೆ ಡಿಸಿ ಫ್ಯಾನುಗಳು ಬಂದವು. ದಶಕಗಳ ಕಾಲ ಆ ನಗರದ ಹಲವು ಭಾಗಗಳಲ್ಲಿ ಡಿಸಿಯೇ ಉಳಿಯಿತು. ಹಳೆಯ ಸಾಮಾನುಗಳ ಮಾರುಕಟ್ಟೆಯಲ್ಲಿ '220 ವೋಲ್ಟ್ ಡಿಸಿ' ಎಂಬ ಫಲಕದ ಫ್ಯಾನುಗಳು ಸಿಗುವುದಕ್ಕೆ ಇಂಥ ಊರುಗಳೇ ಕಾರಣ.

ಮೈಸೂರು ಸಂಸ್ಥಾನ ಹಿಡಿದ ದಾರಿ ಬೇರೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೊಮೀಟರ್. ಅಷ್ಟು ದೂರ ಕಡಿಮೆ ವೋಲ್ಟಿನ ವಿದ್ಯುತ್ ಕಳಿಸಿದರೆ ತಂತಿಯಲ್ಲೇ ಬಿಸಿಯಾಗಿ ವ್ಯರ್ಥವಾಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಏರಿಸಿ ಇಳಿಸಬಹುದಾದ ಎಸಿಯೇ ಬೇಕಾಯಿತು. ಅದರ ಆವೃತ್ತಿ ಮಾತ್ರ ಸೆಕೆಂಡಿಗೆ 25. ಅಮೆರಿಕದ ನಯಾಗರಾದಲ್ಲೂ ಇದೇ ಆವೃತ್ತಿ ಇತ್ತು. ನಿಧಾನವಾಗಿ ತಿರುಗುವ ಭಾರಿ ಯಂತ್ರಗಳಿಗೆ ಅದು ಒಗ್ಗುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೂ 1908ರಲ್ಲಿ ಮೈಸೂರಿಗೂ ಈ ವಿದ್ಯುತ್ತೇ ಬಂತು. ಅಂದರೆ ಆ ಕಾಲದ ಬೆಂಗಳೂರಿನ ಮನೆಗೆ ಫ್ಯಾನು ತರಿಸುವವರು '25 ಆವರ್ತ' ಎಂದು ಹೇಳಿಯೇ ತರಿಸಬೇಕಿತ್ತು. 50 ಆವರ್ತದ ವ್ಯವಸ್ಥೆ ನೆಲೆಯೂರಿದ್ದು ಆಮೇಲೆ.

ವಿದ್ಯುತ್ತಿಲ್ಲದ ಊರಿನ ಫ್ಯಾನು

ಹಾಗಾದರೆ ಘಟ್ಟದ ಮೇಲಿನ ನಮ್ಮ ಮೂರು ತಾಲ್ಲೂಕುಗಳ ಕಥೆ ಏನು? ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಜೋಗದಲ್ಲಿ ಶರಾವತಿಯ ಒಂದು ದಡ ಮೈಸೂರಿನದು, ಇನ್ನೊಂದು ಮುಂಬಯಿ ಪ್ರಾಂತದ ಸಿದ್ದಾಪುರ ತಾಲ್ಲೂಕಿನದು. ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1940ರ ದಶಕದ ಕೊನೆಗೆ. ಕಾಡಿನ ನಡುವೆ ಚದುರಿದ ಒಂಟಿ ಮನೆಗಳಿಗೆ ತಂತಿ ಎಳೆಯುವ ಕೆಲಸವಂತೂ ಅದಾದ ಮೇಲೂ ದಶಕಗಳ ಕಾಲ ನಡೆಯಿತು. ಹಾಗಾಗಿ ಇಲ್ಲಿ ಸಿಗುವ ಬಹಳ ಹಳೆಯ ಫ್ಯಾನು ಬೇರೆ ಊರಿನ ವಿದ್ಯುತ್ತಿಗೆಂದು ಹುಟ್ಟಿ, ಇಲ್ಲಿಗೆ ವಲಸೆ ಬಂದದ್ದಾಗಿರುವ ಸಾಧ್ಯತೆಯೇ ಹೆಚ್ಚು.

ವಿದ್ಯುತ್ತಿಲ್ಲದ ಕಡೆ ಇನ್ನೊಂದು ಬಗೆಯ ಫ್ಯಾನಿತ್ತು. ನಿಮಗೆ ಸಿಕ್ಕ ಫ್ಯಾನಿಗೆ ವೈರೇ ಇಲ್ಲ, ಬುಡದಲ್ಲಿ ದೀಪವಿಡುವ ಜಾಗವಿದೆ ಎಂದಾದರೆ ಅದು ಸೀಮೆಎಣ್ಣೆ ಫ್ಯಾನು! ದೀಪದ ಉರಿಯಿಂದ ಸಿಲಿಂಡರಿನ ಒಂದು ತುದಿಯ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಇನ್ನೊಂದು ತುದಿಗೆ ಹೋದಾಗ ತಣಿದು ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳಿಂದ ಕೊಂತ ಆಡಿ ರೆಕ್ಕೆ ತಿರುಗುತ್ತದೆ. ಇದು 1816ರಲ್ಲಿ ರಾಬರ್ಟ್ ಸ್ಟರ್ಲಿಂಗ್ ಪೇಟೆಂಟ್ ಪಡೆದ ಬಿಸಿಗಾಳಿ ಎಂಜಿನ್ನಿನ ತತ್ತ್ವ. 20ನೇ ಶತಮಾನದ ಆರಂಭದಲ್ಲಿ ಇಂಥ ಫ್ಯಾನುಗಳು ಭಾರತದಲ್ಲಿ ಮಾರಾಟವಾಗುತ್ತಿದ್ದವು. ಸೆಖೆ ನೀಗಲು ಕೋಣೆಯಲ್ಲಿ ದೀಪ ಉರಿಸುವುದು ವಿಚಿತ್ರವೆನಿಸಿದರೂ, ಉಷ್ಣ ಎಂಜಿನ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು.

ತಪ್ಪು ವಿದ್ಯುತ್ ಕೊಟ್ಟರೆ ಏನಾಗುತ್ತದೆ?

ಈಗ ಫಲಕದ ಅಂಕಿಗಳಿಗೆ ಬರೋಣ. ಪ್ರೇರಣ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತಿಳಿಯಲು ಆವೃತ್ತಿಯನ್ನು 120ರಿಂದ ಗುಣಿಸಿ ಧ್ರುವಗಳ ಸಂಖ್ಯೆಯಿಂದ ಭಾಗಿಸಬೇಕು. ನಾಲ್ಕು ಧ್ರುವಗಳ ಮೇಜಿನ ಫ್ಯಾನಿಗೆ 50 ಆವರ್ತದಲ್ಲಿ 1500 ಸುತ್ತು. 25 ಆವರ್ತದಲ್ಲಿ 750 ಮಾತ್ರ. ರೆಕ್ಕೆಯ ವೇಗ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ.

25 ಆವರ್ತದ ಫ್ಯಾನನ್ನು ಅದೇ ವೋಲ್ಟಿನ 50 ಆವರ್ತಕ್ಕೆ ಜೋಡಿಸಿದರೆ ಸುರುಳಿಯ ಪ್ರತಿಘಾತ ಇಮ್ಮಡಿಯಾಗುತ್ತದೆ. ಕಾಂತಕ್ಷೇತ್ರ ಅರ್ಧಕ್ಕೆ ಇಳಿದು ತಿರುಗುಬಲ ಸುಮಾರು ಕಾಲು ಭಾಗಕ್ಕೆ ಕುಸಿಯುತ್ತದೆ. ಫ್ಯಾನು ಸೋತಂತೆ ತಿರುಗುತ್ತದೆ, ಇಲ್ಲವೆ ಗುಂಯ್‌ಗುಡುತ್ತ ನಿಂತಿರುತ್ತದೆ. ಆವೃತ್ತಿ ತಗ್ಗಿದಾಗ ಇದರ ವಿರುದ್ಧ: ಕಬ್ಬಿಣದಲ್ಲಿ ಕಾಂತತ್ವ ತುಂಬಿ ಸ್ಯಾಚುರೇಟ್ ಆಗುತ್ತದೆ, ಪ್ರವಾಹ ಏರುತ್ತದೆ, ಸುರುಳಿ ಕಾಯುತ್ತದೆ. ಮಲೆನಾಡಿನಲ್ಲಿ ಹಳ್ಳದ ನೀರಿನಿಂದ ಒಂದು ಕಿಲೊವ್ಯಾಟ್‌ನಷ್ಟು ವಿದ್ಯುತ್ ಮಾಡಿಕೊಳ್ಳುವ ಮನೆಗಳವರು ಇದನ್ನು ಗಮನಿಸಬೇಕು. ನಿಯಂತ್ರಕ ಸರಿಯಿಲ್ಲದಿದ್ದರೆ ಹೊರೆ ಬದಲಾದಂತೆ ಆವೃತ್ತಿಯೂ ಏರಿಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಎಸಿ ಫ್ಯಾನಿಗೆ ಡಿಸಿ ಕೊಡುವುದು. 60 ವ್ಯಾಟಿನ ಪ್ರೇರಣ ಫ್ಯಾನಿನ ಸುರುಳಿಯ ರೋಧ 100 ಓಮ್ ಎಂದಿಟ್ಟುಕೊಳ್ಳಿ. 220 ವೋಲ್ಟ್ ಡಿಸಿ ಕೊಟ್ಟರೆ ಪ್ರವಾಹ 2.2 ಆಂಪಿಯರ್, ಹೊಮ್ಮುವ ಶಾಖ 484 ವ್ಯಾಟ್! ಫ್ಯಾನು ತಿರುಗುವುದಿಲ್ಲ, ಒಲೆಯಾಗುತ್ತದೆ.

ಡಿಸಿ ಫ್ಯಾನನ್ನು ಗುರುತಿಸುವುದು ಕಷ್ಟವಲ್ಲ. ಮೋಟಾರಿನ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಬ್ರಷ್‌ಗಳಿರುತ್ತವೆ. ಒಳಗೆ ತಾಮ್ರದ ಪಟ್ಟಿಗಳ ಕಮ್ಯುಟೇಟರ್ ಕಾಣುತ್ತದೆ. ಸೀರೀಸ್ ಬಗೆಯ ಡಿಸಿ ಮೋಟಾರು ಎಸಿಯಲ್ಲೂ ತಿರುಗಬಲ್ಲದು ನಿಜ. ಆದರೆ ಡಿಸಿಗೆಂದೇ ಮಾಡಿದ ಯಂತ್ರದ ಕಬ್ಬಿಣ ತೆಳು ಪದರಗಳಾಗಿರದೆ ಇಡಿಯಾಗಿದ್ದರೆ ಸುಳಿ ಪ್ರವಾಹಗಳಿಂದ ಅದು ವಿಪರೀತ ಬಿಸಿಯಾಗುತ್ತದೆ. ಅದಕ್ಕೆ ರೆಕ್ಟಿಫೈಯರ್ ಮೂಲಕ ಡಿಸಿಯನ್ನೇ ಒದಗಿಸಬೇಕು. ಇಲ್ಲೂ ಒಂದು ಎಚ್ಚರಿಕೆ: ರೆಕ್ಟಿಫೈಯರಿಗೆ ದೊಡ್ಡ ಕೆಪಾಸಿಟರ್ ಸೇರಿಸಿದರೆ ವೋಲ್ಟೇಜು 325ರ ಹತ್ತಿರ ಹೋಗುತ್ತದೆ. ಅಮೆರಿಕದ 110 ವೋಲ್ಟ್, 60 ಆವರ್ತದ ಫ್ಯಾನಾದರೆ ಇಳಿಕೆ ಟ್ರಾನ್ಸ್‌ಫಾರ್ಮರ್ ಬೇಕು. ಆಗಲೂ ಅದು ಆರನೇ ಒಂದರಷ್ಟು ನಿಧಾನವಾಗಿ, ತುಸು ಹೆಚ್ಚು ಬಿಸಿಯಾಗಿ ನಡೆಯುತ್ತದೆ.

ಚಂದಗುಳಿಯ ಗಂಟೆಯೂ ಫ್ಯಾನಿನ ಬುಷ್ಷೂ

ವಿದ್ಯುತ್ತಿನ ಬಗೆ ತಿಳಿದ ಮೇಲೆ ಲೋಹದ ಕೆಲಸ. ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಗಣಪತಿ ದೇವಾಲಯದಲ್ಲಿ ಭಕ್ತರು ಹರಕೆಯಾಗಿ ಒಪ್ಪಿಸಿದ ಗಂಟೆಗಳ ಸಾಲುಸಾಲನ್ನು ನೀವು ನೋಡಿರಬಹುದು. ಗಂಟೆಗೆ ಹೆಸರಾದ ಕಂಚಿನಲ್ಲಿ ತಾಮ್ರದ ಜೊತೆ ಶೇಕಡಾ 20ರಿಂದ 25ರಷ್ಟು ತವರ ಇರುತ್ತದೆ. ಅದು ಗಡಸು, ಬಡಿದರೆ ಬಹಳ ಹೊತ್ತು ನಾದ ಕೊಡುತ್ತದೆ. ತವರವನ್ನು ಶೇಕಡಾ 10ರ ಸುಮಾರಿಗೆ ಇಳಿಸಿದರೆ ಅದೇ ಕಂಚು ಉಕ್ಕಿನ ದಂಡವನ್ನು ಸವೆಸದೆ ಹೊತ್ತು ತಿರುಗಿಸುವ ಬುಷ್ ಆಗುತ್ತದೆ. ರೆಕ್ಕೆಯ ಹಿತ್ತಾಳೆಯಲ್ಲಿ ತಾಮ್ರದ ಜೊತೆಗಾರ ತವರವಲ್ಲ, ಸತು.

ಬುಷ್ ಸವೆದಿದ್ದರೆ ದಂಡ ಅಲುಗಾಡುತ್ತದೆ. ಆಗ ಲೇತಿನಲ್ಲಿ ಅದೇ ಅಳತೆಯ ಹೊಸ ಕಂಚಿನ ಬುಷ್ ಮಾಡಿಸಬೇಕು. ಎಣ್ಣೆಯ ವಿಷಯದಲ್ಲಿ ನಮ್ಮ ಕಡೆ ಒಂದು ರೂಢಿಯಿದೆ: ಕೈಗೆ ಸಿಕ್ಕ ತೆಂಗಿನೆಣ್ಣೆ ಬಿಡುವುದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಶಿರಸಿಯ ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಇದನ್ನು ನೀವೇ ನೋಡುತ್ತೀರಿ. ಗಟ್ಟಿಯಾದ ಎಣ್ಣೆ ಬುಷ್ಷಿನೊಳಗೆ ಹರಿಯುವುದಿಲ್ಲ, ಹಳತಾದರೆ ಅಂಟಾಗುತ್ತದೆ. ಆದ್ದರಿಂದ ಹಳೆಯ ಅಂಟನ್ನು ತೊಳೆದು ತೆಳುವಾದ ಖನಿಜ ಎಣ್ಣೆಯನ್ನೇ ಬಳಸಿ.

ಹಿತ್ತಾಳೆಯ ರೆಕ್ಕೆಯನ್ನು ಹುಣಸೆ ಹುಳಿಯಿಂದ ತಿಕ್ಕಿ ತಕ್ಷಣ ತೊಳೆದು ಒರೆಸಬಹುದು. ಮರಳು, ಇಟ್ಟಿಗೆ ಪುಡಿ ಬೇಡ. ಒಂದು ರೆಕ್ಕೆ ಹೆಚ್ಚು ಸವೆದರೂ ತೂಕ ತಪ್ಪಿ ಫ್ಯಾನು ನಡುಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣ ಉಜ್ಜುಕಾಗದದಿಂದ ಕೆರೆದು ದೂಳೆಬ್ಬಿಸಬೇಡಿ.

ಮಳೆಗಾಲದ ತೇವ

ಮಲೆನಾಡಿನ ಅಟ್ಟದಲ್ಲಿದ್ದ ಫ್ಯಾನು ಎಷ್ಟೋ ಮಳೆಗಾಲಗಳ ತೇವ ಕುಡಿದಿರುತ್ತದೆ. ತಂತಿಯ ಮೇಲಿನ ಹತ್ತಿ, ಅರಗು ತೇವ ಹೀರಿ ವಿದ್ಯುತ್ತನ್ನು ಕಬ್ಬಿಣದ ಮೈಗೆ ಸೋರಲು ಬಿಡುತ್ತವೆ. ವೈರಿನ ರಬ್ಬರು ಬಗ್ಗಿಸಿದರೆ ಪುಡಿಯಾಗುತ್ತದೆ. ಫ್ಯಾನಿನ ಮೈ ಪೂರ್ತಿ ಲೋಹ, ಹಿಂದಿನ ಎರಡು ಪಿನ್ನಿನ ಪ್ಲಗ್ಗಿಗೆ ಭೂಸಂಪರ್ಕವಿಲ್ಲ. ಅಪಾಯ ಎಲ್ಲಿದೆ ಎಂದು ನೀವೇ ಊಹಿಸಬಹುದು.

ಕ್ರಮ ಹೀಗಿರಲಿ. ಮೋಟಾರನ್ನು ಪೆಟ್ಟಿಗೆಯೊಂದರಲ್ಲಿಟ್ಟು, ತಗಲದಷ್ಟು ದೂರದಲ್ಲಿ 60 ವ್ಯಾಟಿನ ತಂತುಬಲ್ಬ್ ಉರಿಸಿ, ಕಣ್ಣಳತೆಯಲ್ಲೇ ಇಟ್ಟುಕೊಂಡು ಹಗಲು ಹೊತ್ತು ಒಂದೆರಡು ದಿನ ಒಣಗಿಸಿ. ಬಚ್ಚಲ ಒಲೆಯ ಹೊಗೆಯ ಮೇಲೆ ಬೇಡ. ಮಸಿ ವಿದ್ಯುತ್ತಿಗೆ ದಾರಿ ಮಾಡುತ್ತದೆ. ಆಮೇಲೆ 500 ವೋಲ್ಟಿನ ಮೆಗ್ಗರಿನಿಂದ ಸುರುಳಿಗೂ ಮೈಗೂ ನಡುವಿನ ರೋಧ ಅಳೆಯಿರಿ. ಅದು ಒಂದು ಮೆಗಾಓಮ್‌ಗಿಂತ ಕಡಿಮೆಯಿದ್ದರೆ ವಿದ್ಯುತ್ ಕೊಡಬೇಡಿ. ಎಣ್ಣೆ ಒಸರುವ ಹಳೆಯ ಕೆಪಾಸಿಟರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಿಂದಿನ ಕೆಲವು ಕೆಪಾಸಿಟರುಗಳ ಎಣ್ಣೆ ವಿಷಕಾರಿ. ಹೊಸ ಮೂರೆಳೆ ವೈರು ಹಾಕಿ ಭೂಸಂಪರ್ಕದ ಎಳೆಯನ್ನು ಮೈಗೆ ಬಿಗಿಯಿರಿ. ಮೊದಲ ಸಲ ಓಡಿಸುವಾಗ 100 ವ್ಯಾಟಿನ ತಂತುಬಲ್ಬನ್ನು ಸರಣಿಯಲ್ಲಿ ಜೋಡಿಸಿ. ಬಲ್ಬ್ ಪೂರ್ಣ ಪ್ರಕಾಶದಿಂದ ಬೆಳಗಿದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಈ ಎಲ್ಲ ಕೆಲಸಕ್ಕೂ ಬಲ್ಲ ಎಲೆಕ್ಟ್ರಿಶಿಯನ್ ಜೊತೆಗಿರಲಿ. ವಿದ್ಯಾರ್ಥಿಗಳು ಒಬ್ಬರೇ ಮಾಡುವ ಪ್ರಯೋಗ ಇದಲ್ಲ.

ಬಳಸುವುದೋ, ಉಳಿಸುವುದೋ?

ಹಳೆಯ ಫ್ಯಾನಿನ ಜಾಲರಿಯ ಸಂದಿನಲ್ಲಿ ಮಗುವಿನ ಕೈ ಸಲೀಸಾಗಿ ಹೋಗುತ್ತದೆ. ಲೋಹದ ರೆಕ್ಕೆ ಬೆರಳನ್ನು ಕತ್ತರಿಸೀತು. ಇಂಥ ಫ್ಯಾನನ್ನು ಕೆಲಸದ ಕೊಠಡಿಯಲ್ಲಿ ಎತ್ತರದಲ್ಲಿಟ್ಟು ಆಗಾಗ ನಡೆಸುವುದು ಸರಿ. ರಾತ್ರಿಯಿಡೀ ಓಡಿಸಿ ಮಲಗುವುದು ಸರಿಯಲ್ಲ. ಇನ್ನು ಸಾಮಾನ್ಯ ಸೂರು ಫ್ಯಾನು 75–80 ವ್ಯಾಟ್ ಬಳಸಿದರೆ ಇಂದಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ಭಾರತದಲ್ಲಿ 2023ರ ಜನವರಿಯಿಂದ ಸೂರು ಫ್ಯಾನುಗಳಿಗೆ ನಕ್ಷತ್ರ ಗುರುತು ಕಡ್ಡಾಯವಾಗಿದೆ. ಸ್ವಾರಸ್ಯವೆಂದರೆ ಬಿಎಲ್‌ಡಿಸಿ ಎಂದರೆ ಬ್ರಷ್ ಇಲ್ಲದ ಡಿಸಿ ಮೋಟಾರು. ಕಲ್ಕತ್ತೆಯ ಫ್ಯಾನಿನಲ್ಲಿ ಕಮ್ಯುಟೇಟರ್ ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಮಾಡುತ್ತವೆ.

ಹಿತ್ತಾಳೆ, ತಾಮ್ರದ ಆಸೆಗೆ ಗುಜರಿಯವರು ಹಳೆಯ ಫ್ಯಾನುಗಳನ್ನು ಒಡೆಯುತ್ತಾರೆ. ಚೆಂದ ಮಾಡುವವರು ಫಲಕ ಕಿತ್ತು ಬಣ್ಣ ಬಳಿಯುತ್ತಾರೆ. ಎರಡರಲ್ಲೂ ಹೋಗುವುದು ಮಾಹಿತಿ. ಸುರುಳಿ ಮರುಸುತ್ತಲೇಬೇಕಾದರೆ ಹಳೆಯ ತಂತಿಯ ದಪ್ಪ, ಸುತ್ತುಗಳ ಸಂಖ್ಯೆ ಬರೆದಿಡಿ. ಉಪಾಧ್ಯಾಯ ಮಿತ್ರರೆ, ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಿ: ಊರಿನ ಹಳೆಯ ಫ್ಯಾನು, ಮೋಟಾರುಗಳ ಫಲಕಗಳನ್ನು, ಪ್ಲಗ್ ತೆಗೆಸಿ, ಓದಿ ತಯಾರಕರು, ವೋಲ್ಟ್, ಆವರ್ತ, ಎಸಿಯೋ ಡಿಸಿಯೋ ಎಂದು ಪಟ್ಟಿ ಮಾಡಲಿ. ಯಾರು, ಯಾವ ಊರಿನಿಂದ, ಯಾವಾಗ ತಂದರು ಎಂದು ಮನೆಯ ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆಯಲಿ. ಕೆಲವೇ ಫಲಕಗಳು ಸಿಕ್ಕರೂ ಸಾಕು, ನಿಮ್ಮ ಊರಿಗೆ ವಿದ್ಯುತ್ ಬಂದ ದಾರಿಯ ನಕ್ಷೆ ಮೂಡತೊಡಗುತ್ತದೆ.