ಸಿವಂಗಿ ಹೋಯಿತು, ಚಿಗರಿ ಉಳಿಯಿತು

ಆಫ್ರಿಕಾ ಖಂಡದ ರಾಷ್ಟ್ರೀಯ ಉದ್ಯಾನಗಳಿಗೆ ವನ್ಯಮೃಗ ದರ್ಶನಕ್ಕೆಂದು ಹೋಗಿಬರುವ ಕನ್ನಡಿಗರು ಈಗ ವಿರಳರೇನೂ ಅಲ್ಲ. ಅವರು ತರುವ ಚಿತ್ರಗಳಲ್ಲಿ ಸೆರೆಂಗೆಟಿಯ ಹುಲ್ಲುಬಯಲು, ಅದರ ನಡುವೆ ದಿಬ್ಬವೇರಿ ನಿಂತ ಚೀತಾ, ದೂರದಲ್ಲಿ ಮೇಯುವ ಗ್ಯಾಜೆಲ್ ಹಿಂಡು ಕಾಣುತ್ತವೆ. ನಾರಾಯಣಪೇಟೆ, ಮಕ್ತಲ್ ಸೀಮೆಯವರಾದ ನಮಗೆ ಆ ನೋಟವು ತೀರ ಪರದೇಶದ್ದೆನಿಸುವುದಿಲ್ಲ. ಗ್ಯಾಜೆಲ್ಲಿನ ಸ್ಥಾನದಲ್ಲಿ ಚಿಗರಿಯನ್ನು ನಿಲ್ಲಿಸಿದರೆ ಅದು ಕೃಷ್ಣಾ ರೈಲು ನಿಲ್ದಾಣದ ಆಚೀಚಿನ ಬಯಲೇ ಸರಿ. ಕೊರತೆ ಚೀತಾದ್ದು ಮಾತ್ರ. ಆ ಕೊರತೆ ಹೇಗೆ ಉಂಟಾಯಿತೆಂಬುದು ವಿಚಾರಿಸತಕ್ಕ ಇತಿಹಾಸ.

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಮಾತು; ಅದರ ಮೂಲ ಅರಬ್ಬಿಯ ‘ಸಫರ್’. ನಿಜಾಮರ ಆಳಿಕೆಯಲ್ಲಿ ಬೆಳೆದ ನಮ್ಮ ಹಿರಿಯರಿಗೆ ಗದ್ವಾಲಿನಿಂದ ರಾಯಚೂರಿಗೆ ಹೊರಡುವುದೂ ಸಫರೇ ಆಗಿತ್ತು. ಆಫ್ರಿಕದಲ್ಲಿ ಅದು ಮೊದಲು ಹೆಸರಾದದ್ದು ಬೇಟೆಗಾರರ ಯಾತ್ರೆಯಾಗಿ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದದ್ದು ಕೋವಿ ಹಿಡಿದೇ. 1926ರಲ್ಲಿ ಕ್ರೂಗರ್, 1946ರಲ್ಲಿ ನೈರೋಬಿ, 1951ರಲ್ಲಿ ಸೆರೆಂಗೆಟಿ ಉದ್ಯಾನಗಳು ಸ್ಥಾಪಿತವಾದ ಮೇಲೆ ಕ್ರಮೇಣ ಕೋವಿಯ ಎಡೆಗೆ ಕ್ಯಾಮೆರಾ ಬಂದಿತು. ಈ ಉದ್ಯಾನಗಳೂ ನಿಷ್ಕಳಂಕವಲ್ಲ. ಸೆರೆಂಗೆಟಿಯಲ್ಲಿ ತಲೆಮಾರುಗಳಿಂದ ದನ ಮೇಯಿಸಿಕೊಂಡಿದ್ದ ಮಾಸಾಯಿ ಜನರನ್ನು 1959ರಲ್ಲಿ ಅಲ್ಲಿಂದ ಹೊರಡಿಸಲಾಯಿತೆಂಬುದನ್ನು ಪ್ರವಾಸಿಗರು ಅಷ್ಟಾಗಿ ನೆನೆಯುವುದಿಲ್ಲ.

ನಮ್ಮಲ್ಲಿ ಚೀತಾಕ್ಕೆ ಹಳೆಯ ಹೆಸರು ಸಿವಂಗಿ. ಈ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಪಳಗಿಸಿದ ಚೀತಾಗಳಿಂದ ಜಿಂಕೆಗಳನ್ನು ಬೇಟೆಯಾಡಿಸುವ ವಿಷಯ ಬಂದಿದೆ. ಮುಂದೆ ಮೊಗಲರ ಕಾಲಕ್ಕೆ ಈ ವಿನೋದವು ಮಿತಿಮೀರಿತು. ಅಕ್ಬರನ ಬಳಿ ಸಾವಿರ ಚೀತಾಗಳಿದ್ದುವೆಂದು ಹೇಳಿಕೆಯಿದೆ. ಹೈದರಾಬಾದಿನ ನಿಜಾಮರೂ ಅವನ್ನು ಸಾಕಿದ್ದರು. ಬೇಟೆಯ ಕ್ರಮವು ಸ್ವಾರಸ್ಯವಾದದ್ದು. ಚೀತಾದ ಕಣ್ಣಿಗೆ ಕುಲಾವಿ ಕಟ್ಟಿ ಎತ್ತಿನ ಬಂಡಿಯ ಮೇಲೆ ಕೂರಿಸುವರು. ಹೊಲದ ಬಂಡಿಗಳನ್ನು ದಿನವೂ ಕಂಡು ಬಲ್ಲ ಚಿಗರಿಗಳು ಬೆದರುವುದಿಲ್ಲ. ಹಿಂಡಿನ ಸಮೀಪಕ್ಕೆ ಬಂದು ಕುಲಾವಿ ತೆಗೆದೊಡನೆ ಮೃಗವು ನೆಗೆಯುವುದು. ಕೆಲವು ಕ್ಷಣಗಳಲ್ಲಿ ಓಟದ ತೀರ್ಮಾನವಾಗುವುದು. ಬಂಡಿಯ ಮೇಲಿನ ವಿಶ್ವಾಸವೇ ಚಿಗರಿಗೆ ಮೃತ್ಯುವಾಗುತ್ತಿದ್ದುದು ಎಂಥ ವಿಪರ್ಯಾಸ!

ಆದರೆ ಸೆರೆಯಲ್ಲಿ ಚೀತಾ ಮರಿಹಾಕುತ್ತಿರಲಿಲ್ಲ. ಒಮ್ಮೆ ಅರಮನೆಯ ಚೀತಾವೊಂದು ಮೂರು ಮರಿಗಳನ್ನು ಈದುದನ್ನು ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಅಚ್ಚರಿಯಿಂದ ಬರೆದಿಟ್ಟಿದ್ದಾನೆ. ಆದ್ದರಿಂದ ಸತ್ತ ಪ್ರತಿಯೊಂದರ ಸ್ಥಾನಕ್ಕೂ ಕಾಡಿನಿಂದಲೇ ಮತ್ತೊಂದನ್ನು ಹಿಡಿದು ತರಬೇಕಾಯಿತು. ಹೀಗೆ ಶತಮಾನಗಳು ಕಳೆದುವು, ಬಯಲು ಬರಿದಾಯಿತು. 1918ರಿಂದ 1945ರವರೆಗೆ ಸುಮಾರು 200 ಚೀತಾಗಳನ್ನು ಭಾರತದ ಸಂಸ್ಥಾನಗಳು ಆಫ್ರಿಕದಿಂದ ಹಡಗಿನಲ್ಲಿ ತರಿಸಿಕೊಂಡವು. ಕೊಲ್ಹಾಪುರ, ಭಾವನಗರಗಳು ಇದರಲ್ಲಿ ಮುಂದು. ತಮ್ಮ ಬಯಲಿನ ಮೃಗವು ತೀರಿದಾಗ ಮೃಗಯಾವಿನೋದವನ್ನು ನಿಲ್ಲಿಸದೆ ಮೃಗವನ್ನೇ ಆಮದು ಮಾಡಿದ ರಾಜರ ಬುದ್ಧಿಗೆ ಏನೆನ್ನೋಣ! 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ರಾಜನು ಮೂರನ್ನು ಗುಂಡಿಟ್ಟು ಕೊಂದನು. 1952ರಲ್ಲಿ ದೇಶದಿಂದ ಚೀತಾ ನಿರ್ನಾಮವಾಯಿತೆಂದು ಘೋಷಣೆಯಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ 8, ಮರುವರ್ಷ ದಕ್ಷಿಣ ಆಫ್ರಿಕದಿಂದ 12 ಚೀತಾಗಳು ಮಧ್ಯಪ್ರದೇಶದ ಕೂನೋಗೆ ಬಂದುವು. ಈ ಸಲ ಬೇಟೆಗಲ್ಲ, ಬಾಳುವೆಗೆ.

ಸಿವಂಗಿ ಹೋದರೂ ಚಿಗರಿ ಹೋಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದಕ್ಕೆ ಅತ್ಯುನ್ನತ ರಕ್ಷಣೆಯನ್ನಿತ್ತಿತು. ಕರ್ನಾಟಕದಲ್ಲಿ ರಾಣೆಬೆನ್ನೂರಿನ ಬಯಲು ಅದಕ್ಕಾಗಿಯೇ 1974ರಲ್ಲಿ ಅಭಯಾರಣ್ಯವಾಯಿತು. ಕೃಷ್ಣೆ, ಭೀಮೆಯರು ಕೂಡುವ ನಮ್ಮ ಸೀಮೆಯಲ್ಲಾದರೋ ಅಂತಹ ಮೀಸಲು ಬಯಲಿಲ್ಲ. ಇರುವುದು ರೈತರ ಹೊಲಗಳು. ಹಿಂದೆ ಮಳೆಯನ್ನೇ ನಂಬಿದ್ದ ನೆಲಗಳಿಗೆ ಭೀಮಾ ಏತನೀರಾವರಿಯ ಸಂಗಂಬಂಡ ಜಲಾಶಯದಿಂದ ನೀರು ಬಂದಿದೆ. ಗೋಮಾಳವೂ ಬೀಳುಭೂಮಿಯೂ ಉಳುಮೆಗೆ ಒಳಪಟ್ಟಿವೆ. ಹುಲ್ಲು ಹೋದೆಡೆ ಚಿಗರಿಯು ಹತ್ತಿಯ ಮೊಳಕೆಯನ್ನು ಮೇಯುತ್ತದೆ. ಎರಡು ಎಕರೆಯ ಒಡೆಯನಿಗೆ ಒಂದು ಬೆಳಗಿನ ಮೇವು ಒಂದು ಬಿತ್ತನೆಯ ಬೆಲೆ. ಓಡಿಸಬಹುದು, ಹೊಡೆಯುವಂತಿಲ್ಲ, ಹೊಡೆಯಲೂ ಬಾರದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ದೇಶವೆಲ್ಲ ಮೆಚ್ಚುವ ಮೃಗದ ಮೇವಿನ ವೆಚ್ಚವನ್ನು ಮಕ್ತಲಿನ ಬಡ ರೈತನೊಬ್ಬನೇ ಹೊರುವುದು ನ್ಯಾಯವೆಂದು ಯಾರು ಹೇಳಿಯಾರು?

ಇಲ್ಲಿಯೂ ಆಫ್ರಿಕದಿಂದಲೇ ಒಂದು ಉಪಾಯ ಬಂದಿದೆ. ‘ಬೋಮಾ’ ಎಂದರೆ ಪೂರ್ವ ಆಫ್ರಿಕದವರ ಮಾತಿನಲ್ಲಿ ನಮ್ಮ ದೊಡ್ಡಿಯೇ. ಆಲಿಕೆಯ ಆಕಾರದಲ್ಲಿ ಬೇಲಿ ನಿಲ್ಲಿಸಿ, ಹೊರಗಿನದು ಕಾಣದಂತೆ ಮರೆಕಟ್ಟಿ, ಹಿಂಡನ್ನು ಮೆಲ್ಲಗೆ ಅಗಲದ ಬಾಯಿಯಿಂದ ಒಳಗೆ ಅಟ್ಟಿದರೆ, ಕಿರಿದಾದ ತುದಿಯಲ್ಲಿ ಲಾರಿ ಕಾದಿರುತ್ತದೆ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರ ಸೀಮೆಯಲ್ಲಿ ದಕ್ಷಿಣ ಆಫ್ರಿಕದ ತಜ್ಞರ ನೆರವಿನಿಂದ, ಹೆಲಿಕಾಪ್ಟರನ್ನೂ ಬಳಸಿ, ಹೊಲಗಳಲ್ಲಿದ್ದ ನೂರಾರು ಚಿಗರಿಗಳನ್ನು ಹೀಗೆ ಹಿಡಿದು ಬೇರೆಡೆಗೆ ಸಾಗಿಸಿದರು. ಚಿಗರಿಯು ಬೆದರಿದರೆ ಎದೆಯೊಡೆದು ಸಾಯುವ ಸೂಕ್ಷ್ಮ ಪ್ರಾಣಿಯಾದ್ದರಿಂದ ಇದು ಸಣ್ಣ ಕೆಲಸವಲ್ಲ. ಸಾಗಿಸಿದ ಮೇಲೆ ಬಿಡಲು ಹುಲ್ಲುಬಯಲೂ ಬೇಕು. ನಮ್ಮ ಮಕ್ತಲಿನ ರೈತನು ಈಗಲೂ ಮುಂಗಾರು ಬಿತ್ತಿದ ಮೇಲೆ ನಸುಕಿಗೇ ಎದ್ದು, ತಗಡಿನ ಡಬ್ಬಿ ಹಿಡಿದು ಹೊಲದ ಬದುವಿಗೆ ಹೋಗುತ್ತಾನೆ.